ಆಡಿನ ಸಾವು ಯಾರ ಲೆಕ್ಕಕ್ಕೆ?

ನಿನ್ನೆ ಸಂಜೆ ಹೊಟ್ಟೆ ತುಂಬ ಮೇಯ್ದು ಬಂದಿತ್ತು, ಬೆಳಗಾಗಿ ನೋಡಿದರೆ ಕೊಟ್ಟಿಗೆಯಲ್ಲಿ ಕಾಲು ಚಾಚಿ ಬಿದ್ದಿತ್ತು: ಮುಂಗಾರಿನ ಮೊದಲ ದಿನಗಳಲ್ಲಿ ಆಡು ಸಾಕಿದವರ ಬಾಯಲ್ಲಿ ಕೇಳಿಬರುವ ಮಾತು ಇದು. ಭಟ್ಕಳವಾಗಲಿ, ಹೊನ್ನಾವರವಾಗಲಿ, ಕುಮಟೆಯಾಗಲಿ, ಮಾತು ಬದಲಾಗುವುದಿಲ್ಲ. ನೆರೆಯವರು ಬಂದು ನೋಡುತ್ತಾರೆ. ಹಾವು ಮುಟ್ಟಿತೆಂದು ಒಬ್ಬರು, ಯಾರದೋ ಕಣ್ಣು ಬಿತ್ತೆಂದು ಇನ್ನೊಬ್ಬರು, ವಿಷದ ಸೊಪ್ಪು ತಿಂದಿರಬೇಕೆಂದು ಮತ್ತೊಬ್ಬರು. ಸಂಜೆಯೊಳಗೆ ಇನ್ನೊಂದು ಆಡು ಬೀಳುತ್ತದೆ. ಮಗಳ ಶಾಲೆಯ ಖರ್ಚಿಗೆಂದು, ಮಳೆಗಾಲದ ಅಕ್ಕಿಗೆಂದು, ಆಸ್ಪತ್ರೆಯ ಆಪತ್ತಿಗೆಂದು ಕಟ್ಟಿ ಸಾಕಿದ ಗಂಟು ಅದು. ಮಿಲ್ಲಿಗೆ ಹೋಗುವವನಿಗೆ ಬ್ಯಾಂಕಿನಲ್ಲಿ ಠೇವಣಿ ಇಲ್ಲ. ಹಿತ್ತಿಲಲ್ಲಿ ಹೆಂಡತಿ ಸಾಕಿದ ನಾಲ್ಕು ಆಡುಗಳೇ ಅವನ ಠೇವಣಿ.

ಈ ಸಾವಿಗೆ ಹಾವೂ ಕಾರಣವಲ್ಲ, ಕಣ್ಣೂ ಕಾರಣವಲ್ಲ. ಬಹುಪಾಲು ಇದು ಕರುಳು ಬೇನೆ. ಕ್ಲಾಸ್ಟ್ರೀಡಿಯಂ ಎಂಬ ಜಾತಿಯ ರೋಗಾಣು ಆರೋಗ್ಯವಂತ ಆಡಿನ ಕರುಳಿನಲ್ಲಿಯೂ ಸ್ವಲ್ಪ ಮಟ್ಟಿಗೆ ಇದ್ದೇ ಇರುತ್ತದೆ, ಸುಮ್ಮನಿರುತ್ತದೆ. ಬೇಸಗೆಯಿಡೀ ಒಣ ತರಗು ತಿಂದ ಪ್ರಾಣಿಗೆ ರೋಹಿಣಿ ಮಳೆಯ ಎಳೆ ಹುಲ್ಲು ಒಮ್ಮೆಲೇ ಸಿಕ್ಕಾಗ, ಅಥವಾ ಮದುವೆ ಮನೆಯಲ್ಲಿ ಉಳಿದ ಅನ್ನವನ್ನೋ ರಾಶಿ ಹಲಸಿನ ಸಿಪ್ಪೆಯನ್ನೋ ಯಾರಾದರೂ ಕರುಣೆಯಿಂದ ಮುಂದಿಟ್ಟಾಗ, ಜೀರ್ಣವಾಗದೆ ಉಳಿದ ಆಹಾರ ಕರುಳಿಗೆ ಇಳಿಯುತ್ತದೆ. ಆ ರೋಗಾಣುವಿಗೆ ಅದು ಹಬ್ಬದೂಟ. ಗಂಟೆಗಳಲ್ಲಿ ಕೋಟಿಗಟ್ಟಲೆ ಬೆಳೆದು ವಿಷ ಕಾರುತ್ತದೆ. ವಿಷ ರಕ್ತಕ್ಕೆ ಸೇರಿ ಮಿದುಳನ್ನೂ ಮೂತ್ರಪಿಂಡವನ್ನೂ ಕೆಡಿಸುತ್ತದೆ. ಪ್ರಾಣಿ ತಲೆ ಹಿಂದಕ್ಕೆ ಎಳೆದು, ಕಾಲು ಬಡಿದು ಸಾಯುತ್ತದೆ. ವಿಷ ಏರಿದ ಮೇಲೆ ಯಾವ ಔಷಧದ ಅಂಗಡಿಗೆ ಓಡಿದರೂ ಫಲ ಕಡಿಮೆ. ಚೆನ್ನಾಗಿ ತಿನ್ನುವ, ಮೈತುಂಬಿದ ಮರಿಯೇ ಮೊದಲು ಸಾಯುತ್ತದೆ ಎಂಬುದು ಈ ರೋಗದ ಕ್ರೌರ್ಯ. ಮಾರಲು ತಯಾರಾದದ್ದೇ ಹೋಗುತ್ತದೆ.

ಗಂಟಲು ಬೇನೆ ಎಂಬ ಇನ್ನೊಂದು ರೋಗವೂ ಮಳೆಯ ಜೊತೆಗೇ ಬರುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಈ ಪಟ್ಟಿಯಲ್ಲಿ ಕೊಟ್ಟಿಗೆ ತಿಂಗಳುಗಟ್ಟಲೆ ಒಣಗುವುದಿಲ್ಲ. ಕಾಲ ಗೊರಸು ಕೊಳೆಯುವ ರೋಗಕ್ಕೂ ಅದೇ ಮೂಲ. ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ ಅಡಿಕೆ ದಬ್ಬೆಯ ಅಟ್ಟ ಕಟ್ಟಿ ಆಡುಗಳನ್ನು ನಿಲ್ಲಿಸಿದರೆ ಕಾಲು ಕೊಳೆಯುವುದು ಬಹಳ ಮಟ್ಟಿಗೆ ತಪ್ಪುತ್ತದೆ. ಇದಕ್ಕೆ ಸರಕಾರವೂ ಬೇಡ, ಯೋಜನೆಯೂ ಬೇಡ.

ಆದರೆ ಕರುಳು ಬೇನೆಯ ವಿಷಯ ಹಾಗಲ್ಲ. ಅದಕ್ಕೆ ಲಸಿಕೆ ಉಂಟು, ಅದೂ ಇಂದು ನಿನ್ನೆಯದಲ್ಲ. ಪ್ರಾಣಿಯೊಂದಕ್ಕೆ ಬೀಳುವ ಖರ್ಚು ಒಂದು ಚಹಾದ ಬೆಲೆಯೊಳಗೆ. ಮೊದಲ ಸಲ ಹಾಕಿಸುವಾಗ ಎರಡು ಮೂರು ವಾರಗಳ ಅಂತರದಲ್ಲಿ ಎರಡು ಚುಚ್ಚುಮದ್ದು, ಬಳಿಕ ಪ್ರತಿವರ್ಷ ಮಳೆಗೆ ಮೊದಲು ಒಂದು. ಆಡಿನ ಮೈಯಲ್ಲಿ ಈ ಲಸಿಕೆಯ ಬಲ ಕುರಿಯಲ್ಲಿ ನಿಂತಷ್ಟು ದಿನ ನಿಲ್ಲುವುದಿಲ್ಲವಾದ್ದರಿಂದ ಆರು ತಿಂಗಳಿಗೊಮ್ಮೆ ಹಾಕಿಸುವುದು ಮೇಲೆಂದು ಅನೇಕ ಪಶುವೈದ್ಯರು ಹೇಳುತ್ತಾರೆ. ಇಷ್ಟು ಅಗ್ಗದ ಮದ್ದು ಇದ್ದೂ ಆಡು ಸಾಯುವುದೇಕೆ?

ಉತ್ತರ ಬಾಟ್ಲಿಯಲ್ಲಿದೆ. ಲಸಿಕೆ ಬರುವುದು ನಲವತ್ತು ಐವತ್ತು ಪ್ರಾಣಿಗಳಿಗೆ ಆಗುವಷ್ಟು ದೊಡ್ಡ ಬಾಟ್ಲಿಯಲ್ಲಿ. ಅದನ್ನು ತಂಪು ಪೆಟ್ಟಿಗೆಯಲ್ಲಿಯೇ ಇಡಬೇಕು. ಒಮ್ಮೆ ಮುಚ್ಚಳ ಚುಚ್ಚಿದರೆ ಅದೇ ದಿನ ಮುಗಿಸಬೇಕು. ಬಯಲುಸೀಮೆಯ ಇನ್ನೂರು ಕುರಿಗಳ ಹಿಂಡಿನ ಯಜಮಾನನಿಗೆ ಇದೊಂದು ಸಮಸ್ಯೆಯೇ ಅಲ್ಲ. ಒಂದು ಮುಂಜಾನೆ ನಾಲ್ಕು ಬಾಟ್ಲಿ ಖಾಲಿ. ನಮ್ಮ ಕರಾವಳಿಯ ಕೇರಿಗಳಲ್ಲಿ ಹಿಂಡೆಲ್ಲಿದೆ? ಒಂದು ಮನೆಯಲ್ಲಿ ಮೂರು, ಮುಂದಿನ ಮನೆಯಲ್ಲಿ ಐದು, ಗುಡ್ಡದ ಆಚೆ ಎರಡು. ನಾಲ್ಕು ಆಡಿನವನು ಐವತ್ತು ಆಡಿನ ಬಾಟ್ಲಿಯನ್ನು ಕೊಂಡು ಏನು ಮಾಡಬೇಕು? ಅವನು ಆಸ್ಪತ್ರೆಗೆ ಹೋಗಿ ಕೇಳಿದರೆ, ಇನ್ನಷ್ಟು ಆಡುಗಳನ್ನು ಸೇರಿಸಿಕೊಂಡು ಬಾ ಎಂಬ ಉತ್ತರ ಸಿಕ್ಕರೆ ಅದು ಉದ್ಧಟತನವಲ್ಲ, ಬಾಟ್ಲಿಯ ಲೆಕ್ಕ. ಆದರೆ ಆಡುಗಳನ್ನು ಸೇರಿಸಬೇಕಾದವರು ಯಾರು? ಕೂಲಿ ಬಿಟ್ಟು ಮನೆಮನೆ ತಿರುಗಿ ನಲವತ್ತು ಆಡು ಕೂಡಿಸುವ ಹೊಣೆ ನಾಲ್ಕು ಆಡಿನ ಹೆಂಗಸಿನದೇ? ಮದ್ದು ಸಾಮೂಹಿಕ, ನಷ್ಟ ಮಾತ್ರ ಖಾಸಗಿ, ಇದು ಯಾವ ನ್ಯಾಯ?

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ದೂರ ಮಾಡಬೇಕು. ಸರಕಾರದವರು ಬಂದು ಆಡುಗಳಿಗೆ ಚುಚ್ಚಿ ಹೋದರು, ಆದರೂ ಸತ್ತವು, ಲಸಿಕೆಯೇ ಮೋಸ ಎಂಬ ಮಾತು ಕೇಳಿಬರುತ್ತದೆ. ಪಿ.ಪಿ.ಆರ್. ಎಂಬ ಹಿರೇಬೇನೆಗೆ ಹಾಕುವ ಲಸಿಕೆ ಬೇರೆ, ಕರುಳು ಬೇನೆಯದು ಬೇರೆ. ಮೊದಲನೆಯದು ವೈರಸ್ಸಿನಿಂದ ಬರುವ ರೋಗ. ಅದರ ಲಸಿಕೆ ಕರುಳು ಬೇನೆಯನ್ನು ತಡೆಯಲಾರದು. ಚುಚ್ಚಿಸುವಾಗಲೇ ಇದು ಯಾವುದಕ್ಕೆ ಎಂದು ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಹೇಳದೆ ಚುಚ್ಚಿ ಹೋಗುವ ಪದ್ಧತಿಯಿಂದಲೇ ಈ ಅಪನಂಬಿಕೆ ಹುಟ್ಟಿದ್ದು.

ಇನ್ನು ವ್ಯಾಪಾರದ ಮಾತು. ಈ ಮೂರು ಪಟ್ಟಣಗಳು ತಿನ್ನುವ ಮಾಂಸಕ್ಕೆ ಹಿತ್ತಿಲ ಆಡು ಸಾಲದು. ಹಾವೇರಿ, ಹುಬ್ಬಳ್ಳಿ ಕಡೆಯ ಸಂತೆಗಳಿಂದ ಲಾರಿಗಳಲ್ಲಿ ಆಡು ಕುರಿ ಘಟ್ಟ ಇಳಿಯುತ್ತವೆ. ಘಟ್ಟದ ಮೇಲಿನ ಸರಕು ಕೆಳಗೆ ಇಳಿಯುವುದು ಇಲ್ಲಿ ಹೊಸತಲ್ಲ. 19ನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಘಟ್ಟವಿಳಿದು ಕುಮಟಾ ಬಂದರಿನಿಂದ ಮುಂಬಯಿಗೆ ಹೋಗುತ್ತಿತ್ತು. ಆ ಹತ್ತಿಗೆ ಕುಮಟಾ ಹತ್ತಿ ಎಂಬ ಹೆಸರೇ ಬಿದ್ದಿತು. ಹತ್ತಿಯ ಮೂಟೆಗೆ ನೆಗಡಿ ಬರುವುದಿಲ್ಲ. ಆಡು ಮಾತ್ರ ಜೀವವಿರುವ ಸರಕು. ಬಯಲಿನ ಒಣ ಹವೆಯಲ್ಲಿ ಬೆಳೆದದ್ದನ್ನು ಮೈಗೆ ಮೈ ತಾಗಿಸಿ ಲಾರಿಗೆ ತುಂಬಿ, ನೀರಿಲ್ಲದೆ, ಮೇವಿಲ್ಲದೆ, ದೇವಿಮನೆಯ ತಿರುವುಗಳಲ್ಲಿ ಅಲುಗಾಡಿಸಿ, ಕರಾವಳಿಯ ಮಳೆಯಲ್ಲಿ ಇಳಿಸಿದರೆ ಏನಾಗುತ್ತದೆ? ಆಡಿನ ಮೂಗು ಗಂಟಲುಗಳಲ್ಲಿ ತೆಪ್ಪಗಿದ್ದ ಪಾಶ್ಚುರೆಲ್ಲ ಜಾತಿಯ ರೋಗಾಣುಗಳು ದೇಹ ಸೋತದ್ದನ್ನು ನೋಡಿ ಶ್ವಾಸಕೋಶಕ್ಕೆ ಇಳಿಯುತ್ತವೆ. ಪ್ರಯಾಣದ ಜ್ವರವೆಂದು ಪಶುವೈದ್ಯದಲ್ಲಿ ಇದಕ್ಕೆ ಹೆಸರೇ ಇದೆ. ಕೆಮ್ಮುವ ಒಂದು ಆಡು, ಒಂದೇ ಬಾನಿಯ ನೀರು, ಪಕ್ಕದಲ್ಲಿ ಕಟ್ಟಿದ ಊರಿನ ಆಡು: ಹರಡಲು ಇನ್ನೇನು ಬೇಕು?

ಈ ವರ್ಷಗಳಲ್ಲಿ ಇದಕ್ಕೆ ಪಂಚಾಂಗದ ಒಂದು ಕಷ್ಟವೂ ಕೂಡಿಕೊಂಡಿದೆ. ಬಕ್ರೀದ್ ಹಬ್ಬ ಚಾಂದ್ರಮಾನದ್ದಾದ್ದರಿಂದ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. 2024ರಲ್ಲಿ ಅದು ಜೂನ್ 17ಕ್ಕೆ, 2025ರಲ್ಲಿ ಜೂನ್ 7ಕ್ಕೆ ಬಂತು. 2026ರದು ಮೇ ಕೊನೆಯ ವಾರದ ಲೆಕ್ಕ. ಎಂದರೆ ವರ್ಷದಲ್ಲಿ ಅತಿ ಹೆಚ್ಚು ಆಡುಗಳು ಘಟ್ಟ ಇಳಿಯುವ ವಾರವೂ, ಮೊದಲ ಮಳೆ ಬೀಳುವ ವಾರವೂ, ಕರುಳು ಬೇನೆಯ ವಾರವೂ ಒಂದಕ್ಕೊಂದು ತೀರ ಹತ್ತಿರ ಬಂದಿವೆ. ಇದನ್ನು ಹಿಡಿದು ಒಂದು ಸಮುದಾಯದ ಮೇಲೆ ಬೆರಳು ತೋರಿಸಲು ಹೊರಡುವವರಿಗೆ ನಾವು ಹೇಳುವುದಿಷ್ಟೇ. ಹರಕೆಯ ಹೋತಕ್ಕೂ, ಭಾನುವಾರದ ಸಾರಿಗೂ ಅದೇ ಲಾರಿಯ ಆಡೇ ಬರುತ್ತದೆ. ಮಾರಿದ ರೈತನೂ ಕೊಂಡ ಗಿರಾಕಿಯೂ ಎಲ್ಲ ಜಾತಿಯವರು. ಹಬ್ಬದ ದಿನಾಂಕ ಎಲ್ಲರಿಗೂ ತಿಂಗಳುಗಟ್ಟಲೆ ಮೊದಲೇ ಗೊತ್ತಿರುತ್ತದೆ. ಗೊತ್ತಿರುವ ದಿನಕ್ಕೆ ಸಿದ್ಧವಾಗದ ಇಲಾಖೆಯನ್ನು ಬಿಟ್ಟು ಹಬ್ಬ ಮಾಡುವವರನ್ನು ಬೈಯುವುದು ಜಾಣತನವಲ್ಲ.

ಲಾರಿಯಿಂದ ಇಳಿಸಿದ ಹತ್ತು ಆಡುಗಳಲ್ಲಿ ಒಂದು ಮಂಕಾಗಿ ನಿಂತಿದೆ ಎನ್ನೋಣ. ಸಾಲ ಮಾಡಿ ತಂದ ಸಣ್ಣ ವ್ಯಾಪಾರಿ ಏನು ಮಾಡುತ್ತಾನೆ? ವೈದ್ಯರಿಗೆ ಹೇಳಿದರೆ ಹತ್ತನ್ನೂ ಬೇರೆ ಕಟ್ಟಬೇಕಾದೀತು, ಗಿರಾಕಿ ಹೆದರಿ ಹೋದಾನು. ಹೇಳದಿದ್ದರೆ ಒಂಬತ್ತು ಇಂದೇ ಮಾರಾಟ. ಹತ್ತನೆಯದು ಕಡಿಮೆ ಬೆಲೆಗೆ, ಸಾಯುವ ಮೊದಲು, ಯಾರದೋ ಕತ್ತಿಗೆ. 2009ರಲ್ಲಿ ಸಂಸತ್ತು ಮಾಡಿದ ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆ ಕಾಯಿದೆಯ ಪ್ರಕಾರ ಪಟ್ಟಿಯಲ್ಲಿರುವ ರೋಗದ ಶಂಕೆ ಬಂದರೆ ಒಡೆಯನು ತಿಳಿಸಲೇಬೇಕು, ತಿಳಿಸದಿರುವುದು ಅಪರಾಧ. ಕಾಯಿದೆ ಸರಿಯಾದದ್ದೇ. ಆದರೆ ತಿಳಿಸಿದವನು ದಿವಾಳಿಯೆದ್ದು, ಮುಚ್ಚಿಟ್ಟವನು ಉಳಿಯುವುದಾದರೆ ಮನುಷ್ಯ ಯಾವುದನ್ನು ಆರಿಸುತ್ತಾನೆ? ಅವನನ್ನು ಕಳ್ಳನೆಂದು ಕರೆಯುವುದು ಸುಲಭ. ಅವನ ಲೆಕ್ಕವನ್ನು ಬದಲಾಯಿಸುವುದು ಕಷ್ಟ; ಸರಕಾರವೆಂಬುದು ಇರುವುದು ಈ ಕಷ್ಟದ ಕೆಲಸಕ್ಕೆ.

ರಾಜ್ಯದಲ್ಲಿ ಅನುಗ್ರಹ ಎಂಬ ಯೋಜನೆಯಿದೆ. ಆಕಸ್ಮಿಕವಾಗಿ ಸತ್ತ ಕುರಿ ಆಡುಗಳಿಗೆ ಕೊಡುವ ಪರಿಹಾರವನ್ನು 2025ರ ಮಾರ್ಚ್ ಮುಂಗಡಪತ್ರದಲ್ಲಿ 5,000 ರೂಪಾಯಿಗಳಿಂದ 7,500ಕ್ಕೆ ಏರಿಸಿದರು. ಒಳ್ಳೆಯದಾಯಿತೆಂದು ನಾವು ಸಂಕೋಚವಿಲ್ಲದೆ ಹೇಳುತ್ತೇವೆ. ಆದರೆ ಪರಿಹಾರಕ್ಕೆ ಪಶುವೈದ್ಯರ ದೃಢೀಕರಣ ಬೇಕು. ಜೂನ್ ತಿಂಗಳ ಸೆಖೆಯಲ್ಲಿ, ಮಳೆಯಲ್ಲಿ, ಗುಡ್ಡದ ಮೇಲಿನ ಮನೆಯಲ್ಲಿ ಸತ್ತ ಆಡು ವೈದ್ಯರಿಗಾಗಿ ಎಷ್ಟು ಹೊತ್ತು ಕಾದೀತು? 1962ಕ್ಕೆ ಫೋನು ಮಾಡಿದರೆ ತಾಲೂಕಿನ ಸಂಚಾರಿ ಪಶುಚಿಕಿತ್ಸೆಯ ವಾಹನ ಬರುವ ವ್ಯವಸ್ಥೆ ಆಗಿದೆ. ಇಡೀ ತಾಲೂಕಿಗೆ ಒಂದು ಗಾಡಿ ಎಂಬ ಲೆಕ್ಕದಲ್ಲಿ ಕರಾವಳಿಯ ಹೊಳೆ, ಗುಡ್ಡ, ಕಡಿದಾದ ಹಾದಿಗಳ ಮಾತು ಸೇರಿಲ್ಲ.

ಆಡಿನ ರೋಗ ಆಡಿನವನ ಪಾಡು, ನಮಗೇನು ಎಂದು ಮಿಲ್ಲಿನ ಕೆಲಸಗಾರ ಓದುಗರಲ್ಲಿ ಯಾರಾದರೂ ಎಂದುಕೊಂಡಿದ್ದರೆ ಅವರು ಇಂಗ್ಲೆಂಡಿನ ಬ್ರಾಡ್‌ಫರ್ಡ್ ಪಟ್ಟಣದ ಕತೆಯನ್ನು ತಿಳಿಯಬೇಕು. ಉಣ್ಣೆಯ ಗಿರಣಿಗಳ ಊರು ಅದು. ಹೊರದೇಶಗಳಿಂದ ಆಡಿನ ಕೂದಲು, ಅಲ್ಪಾಕದ ಉಣ್ಣೆ ಮೂಟೆಗಟ್ಟಿ ಬರುತ್ತಿತ್ತು. ಮೂಟೆ ಬಿಚ್ಚಿ ಉಣ್ಣೆ ವಿಂಗಡಿಸುವ ಕೆಲಸಗಾರರು ಒಂದೆರಡು ದಿನಗಳ ಜ್ವರದಲ್ಲಿ ಉಸಿರುಕಟ್ಟಿ ಸಾಯುತ್ತಿದ್ದರು. ಅದಕ್ಕೆ ಉಣ್ಣೆ ವಿಂಗಡಿಸುವವರ ರೋಗ ಎಂದೇ ಹೆಸರು. ಅದು ಅಂಥ್ರಾಕ್ಸ್ ಎಂದು, ನಮ್ಮವರು ನೆರಡಿ ಎನ್ನುವ ರೋಗವೆಂದು, 1880ರ ಹೊತ್ತಿಗೆ ಡಾಕ್ಟರ್ ಬೆಲ್ ಎಂಬ ಆ ಊರಿನ ವೈದ್ಯರು ತೋರಿಸಿಕೊಟ್ಟರು. ಕೆಲಸಗಾರನ ಮನೆಯಲ್ಲಿ ಆಡೇ ಇರಲಿಲ್ಲ. ಯಾವುದೋ ದೂರದ ಬೆಟ್ಟದಲ್ಲಿ ಸತ್ತ ಆಡಿನ ಕೂದಲು ಅವನನ್ನು ಹುಡುಕಿಕೊಂಡು ಬಂದಿತ್ತು. ಅಂಥ್ರಾಕ್ಸ್ ತಡೆಯ ಕಾಯಿದೆ ಬ್ರಿಟನ್ನಿನಲ್ಲಿ ಆದದ್ದು 1919ರಲ್ಲಿ. ನಲವತ್ತು ವರ್ಷಗಳು! ಅಮೆರಿಕೆಯ ಮ್ಯಾಂಚೆಸ್ಟರ್ ಊರಿನಲ್ಲಿ ಆಡಿನ ಕೂದಲು ನೂಲುವ ಗಿರಣಿಯೊಂದರಲ್ಲಿ 1957ರಲ್ಲಿ ಒಂಬತ್ತು ಜನರಿಗೆ ಈ ರೋಗ ತಗಲಿ ನಾಲ್ವರು ಸತ್ತರು.

ನಮ್ಮ ಕರಾವಳಿಯಲ್ಲಿ ಅಂಥ ಗಿರಣಿಗಳಿಲ್ಲ. ಆದರೆ ಮಾಂಸದ ಅಂಗಡಿಯ ಕೆಲಸಗಾರನೂ ಇದ್ದಾನೆ, ಹಸಿ ಚರ್ಮಕ್ಕೆ ಉಪ್ಪು ಹಚ್ಚುವವನೂ ಇದ್ದಾನೆ. ದಿಢೀರನೆ ಸತ್ತ ಆಡಿನ ಮೂಗು, ಬಾಯಿ, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರುತ್ತಿದ್ದರೆ ಅದನ್ನು ಕೊಯ್ಯಲೇಬಾರದು. ಕೊಯ್ದರೆ ಗಾಳಿ ತಗಲಿದ ರೋಗಾಣು ಬೀಜಕವಾಗಿ ಮಣ್ಣಿಗೆ ಸೇರಿ ಹತ್ತಾರು ವರ್ಷ ಜೀವ ಹಿಡಿದು ಕೂರುತ್ತದೆ. ಚರ್ಮದ ಆಸೆ ಬಿಟ್ಟು, ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು, ಇಲ್ಲವೆ ಪೂರ್ತಿ ಸುಡಬೇಕು. ಹೊಳೆಗೆ ಎಸೆಯುವ ಅಭ್ಯಾಸವಂತೂ ಕೂಡದು. ಇದರ ಲಸಿಕೆಯೂ ಹಳೆಯದೇ. 1881ರಲ್ಲಿ ಪಾಶ್ಚರನು ಫ್ರಾನ್ಸಿನ ಒಂದು ಹಳ್ಳಿಯಲ್ಲಿ ಜನರೆದುರಿಗೇ ಪಂದ್ಯ ಕಟ್ಟಿದಂತೆ ಇದನ್ನು ತೋರಿಸಿದ. ರೋಗಾಣು ಚುಚ್ಚಿದಾಗ ಲಸಿಕೆಯಿಲ್ಲದ 24 ಕುರಿಗಳೂ ಒಂದು ಆಡೂ ಸತ್ತವು. ಲಸಿಕೆ ಪಡೆದವುಗಳಲ್ಲಿ ಒಂದು ಗಬ್ಬದ ಕುರಿಯ ಹೊರತು ಎಲ್ಲವೂ ಉಳಿದವು.

ಇವೆಲ್ಲಕ್ಕಿಂತ ಕಪಟಿಯಾದ ರೋಗ ಇನ್ನೊಂದಿದೆ, ಕಂದು ಹಾಕಿಸುವ ಬ್ರುಸೆಲ್ಲಾ. ಕರುಳು ಬೇನೆ ಕೂಗಿ ಬರುತ್ತದೆ. ಇದು ಮೆಲ್ಲನೆ ಬರುತ್ತದೆ. ಆಡು ದಷ್ಟಪುಷ್ಟವಾಗಿಯೇ ಕಾಣುತ್ತದೆ, ಹಾಲೂ ಕೊಡುತ್ತದೆ. ದಿನ ತುಂಬುವ ಮೊದಲೇ ಮರಿ ಹಾಕುತ್ತದೆ, ಅಷ್ಟೇ. ಆ ಮರಿಯನ್ನೂ ಮಾಸನ್ನೂ ಬರಿಗೈಯಲ್ಲಿ ಎತ್ತಿದ ಹೆಂಗಸಿಗೆ, ಹಸಿ ಹಾಲು ಕುಡಿದ ಮಗುವಿಗೆ, ವಾರಗಳ ಬಳಿಕ ಜ್ವರ. ಬಂದು ಹೋಗಿ ಬರುವ ಜ್ವರ, ರಾತ್ರಿಯ ಬೆವರು, ಸೊಂಟ ಕೀಲುಗಳ ನೋವು. ಟೈಫಾಯಿಡ್ ಎಂದು ಒಂದು ಕಡೆ, ಕ್ಷಯವೆಂದು ಇನ್ನೊಂದು ಕಡೆ ಔಷಧ ತಿಂದು ಕೂಲಿಗೆ ಹೋಗಲಾರದೆ ಮನೆ ಹಿಡಿದವರಿದ್ದಾರೆ. ಕಾಯಿಲೆ ಗುರುತು ಸಿಕ್ಕರೆ ಆರು ವಾರಗಳ ಚಿಕಿತ್ಸೆಯಿಂದ ಗುಣವಾಗುತ್ತದೆ. ಗುರುತೇ ಸಿಗದಿರುವುದು ಹೆಚ್ಚು. ಡೆಂಗೆ ಜ್ವರಕ್ಕೆ ಆಡಿನ ಹಸಿ ಹಾಲು ರಾಮಬಾಣವೆಂಬ ಪುಕಾರು ಹಬ್ಬಿದ ಮೇಲಂತೂ ಅಪಾಯ ಇಮ್ಮಡಿಯಾಗಿದೆ. ಹಾಲನ್ನು ಕುದಿಸಿ ಕುಡಿಯಿರಿ. ಕುದಿಸಿದರೆ ಈ ರೋಗಾಣು ಉಳಿಯುವುದಿಲ್ಲ.

ಮಾಲ್ಟಾ ದ್ವೀಪದಲ್ಲಿ ಬ್ರಿಟಿಷ್ ಸೈನಿಕರು ಈ ಜ್ವರದಿಂದ ನರಳುತ್ತಿದ್ದರು. ರೋಗಾಣುವನ್ನು 1887ರಲ್ಲಿ ಬ್ರೂಸ್ ಎಂಬ ಸೇನಾ ವೈದ್ಯನು ಕಂಡುಹಿಡಿದರೂ ಅದು ಬರುವ ದಾರಿ ತಿಳಿದಿರಲಿಲ್ಲ. 1905ರಲ್ಲಿ ಜಮ್ಮಿತ್ ಎಂಬ ಮಾಲ್ಟಾದ ವೈದ್ಯನು, ನೋಡಲು ಆರೋಗ್ಯವಾಗಿದ್ದ ಆರು ಆಡುಗಳ ರಕ್ತ ಪರೀಕ್ಷಿಸಿದಾಗ ಐದರಲ್ಲಿ ರೋಗದ ಗುರುತು ಸಿಕ್ಕಿತು. ಮರುವರ್ಷವೇ ದಂಡಿಗೆ ಆಡಿನ ಹಾಲು ಬಂದ್ ಆಯಿತು, ಸೈನಿಕರ ಜ್ವರ ಇಳಿಯಿತು. ದ್ವೀಪದ ಜನರು? ಅವರು ಅದೇ ಹಾಲನ್ನು ಕುಡಿಯುತ್ತ, ಅದೇ ಜ್ವರವನ್ನು ಅನುಭವಿಸುತ್ತ ದಶಕಗಳನ್ನು ಕಳೆದರು. ವಿಜ್ಞಾನ ಒಂದೇ, ಆದರೆ ಅದು ಯಾರ ಮನೆಗೆ ಮೊದಲು ಹೋಗುತ್ತದೆ ಎಂಬುದನ್ನು ನಿರ್ಧರಿಸುವವರು ಬೇರೆ.

ನಮ್ಮಲ್ಲಿಯೂ ಅದನ್ನೇ ಕಾಣುತ್ತೇವೆ. 2019ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರ 13,343 ಕೋಟಿ ರೂಪಾಯಿಗಳ ರಾಷ್ಟ್ರೀಯ ಪಶುರೋಗ ನಿಯಂತ್ರಣ ಕಾರ್ಯಕ್ರಮವನ್ನು ಮಥುರೆಯಲ್ಲಿ ಆರಂಭಿಸಿತು. ಕಾಲುಬಾಯಿ ರೋಗ ಒಂದು, ಬ್ರುಸೆಲ್ಲಾ ಇನ್ನೊಂದು. ಬ್ರುಸೆಲ್ಲಾ ಲಸಿಕೆಗೆ ಪಾತ್ರವಾದದ್ದು ಯಾವುದು? ಆಕಳು ಎಮ್ಮೆಗಳ ನಾಲ್ಕರಿಂದ ಎಂಟು ತಿಂಗಳ ಹೆಣ್ಣುಗರು. ಮನುಷ್ಯನಿಗೆ ಅತಿ ಕಠಿಣವಾದ ಬ್ರುಸೆಲ್ಲಾ ಜಾತಿ ಬರುವುದು ಆಡು ಕುರಿಗಳಿಂದ. ಯೋಜನೆಯ ಬ್ರುಸೆಲ್ಲಾ ಲಸಿಕೆಯಲ್ಲಿ ಅವುಗಳ ಹೆಸರಿಲ್ಲ. ಕರುವಿನ ಲಸಿಕೆಯನ್ನು ಆಡಿಗೆ ಹಾಕಿಬಿಡಿ ಎಂದು ನಾವು ಹೇಳುತ್ತಿಲ್ಲ, ಅದು ಬೇರೆಯೇ ಲಸಿಕೆ. ಆದರೆ ಕಂದು ಹಾಕಿದ ಆಡಿನ ರಕ್ತ ಪರೀಕ್ಷೆಗೆ ಏನು ಅಡ್ಡಿ? 2019ರ ಗಣತಿಯ ಪ್ರಕಾರ ಕರ್ನಾಟಕದಲ್ಲಿ 61 ಲಕ್ಷಕ್ಕೂ ಹೆಚ್ಚು ಆಡುಗಳಿವೆ. ಬಡವರ ಆಕಳು ಎಂದು ಭಾಷಣದಲ್ಲಿ ಹೊಗಳಿಸಿಕೊಂಡ ಪ್ರಾಣಿ ಲಸಿಕೆಯ ಪಟ್ಟಿಯಲ್ಲಿ ಆಕಳಾಗಲಿಲ್ಲ.

ಹಣವಿಲ್ಲ, ಆಗದ ಕೆಲಸ ಎನ್ನುವವರಿಗೆ ದೊಡ್ಡರೋಗದ ನೆನಪು ಮಾಡಿಕೊಡಬೇಕು. ಒಂದು ಕಾಲದಲ್ಲಿ ಊರೂರಿನ ಕೊಟ್ಟಿಗೆಗಳನ್ನು ಬರಿದು ಮಾಡಿದ ಆ ರೋಗದ ವಿರುದ್ಧ ಮದ್ದು ತಯಾರಿಸಲೆಂದೇ 1925ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಸಂಸ್ಥೆಯೊಂದು ಹುಟ್ಟಿತು. 1954ರಿಂದ ದೇಶವಿಡೀ ಮನೆಮನೆಗೆ ಹೋಗಿ ಲಸಿಕೆ ಹಾಕಿದರು. 2006ರಲ್ಲಿ ಭಾರತ, 2011ರಲ್ಲಿ ಜಗತ್ತು ಆ ರೋಗದಿಂದ ಮುಕ್ತವಾಯಿತು. ಅದೇ ಹೆಬ್ಬಾಳದ ಸಂಸ್ಥೆ ಇಂದು ಕರುಳು ಬೇನೆ, ಗಂಟಲು ಬೇನೆಗಳ ಲಸಿಕೆಯನ್ನೂ ತಯಾರಿಸುತ್ತದೆ. ಅಲ್ಲಿಂದ ಹೊರಟ ಮದ್ದು ಘಟ್ಟ ಇಳಿದು ಭಟ್ಕಳದ ಒಂದು ಕೇರಿಯ ನಾಲ್ಕು ಆಡಿನ ತನಕ ಮುಟ್ಟಲು ತಡೆ ಎಲ್ಲಿದೆಯೆಂದು ಜಿಲ್ಲೆಯ ಅಧಿಕಾರಿಗಳು ಹೇಳಲಿ.

ನಾವು ಕೇಳುವುದು ದೊಡ್ಡದಲ್ಲ. ಏಪ್ರಿಲ್ ಕೊನೆಗೆ ಪ್ರತಿ ಗ್ರಾಮ ಪಂಚಾಯತಿಯೂ ಆಡು ಸಾಕಿದವರ ಪಟ್ಟಿ ಮಾಡಲಿ; ಕೇರಿಗೊಂದು ದಿನ ಗೊತ್ತು ಮಾಡಿ, ಡಂಗುರ ಸಾರಿ, ಶಾಲೆಯ ಅಂಗಳದಲ್ಲಿಯೋ ದೇವಸ್ಥಾನದ, ಮಸೀದಿಯ ಎದುರಿನ ಬಯಲಿನಲ್ಲಿಯೋ ಐವತ್ತು ಆಡುಗಳನ್ನು ಒಟ್ಟಿಗೆ ನಿಲ್ಲಿಸಲಿ. ಆ ದಿನ ವೈದ್ಯರು ಬಾಟ್ಲಿ ಹಿಡಿದು ಅಲ್ಲಿಗೆ ಬರಲಿ, ಎರಡನೆಯ ಚುಚ್ಚುಮದ್ದಿಗೆ ಮೂರು ವಾರದ ಮೇಲೆ ಇನ್ನೊಮ್ಮೆ ಬರಲಿ. ಭಾನುವಾರವಾದರೆ ಮಿಲ್ಲಿನವರೂ ಮನೆಯಲ್ಲಿರುತ್ತಾರೆ. ಹಬ್ಬದ ಎರಡು ವಾರ ಮೊದಲಿಂದ ಘಟ್ಟದ ಬುಡದಲ್ಲಿ, ಗೇರುಸೊಪ್ಪೆಯಲ್ಲೂ ದೇವಿಮನೆಯ ಕೆಳಗೂ, ಲಾರಿ ನಿಲ್ಲಿಸಿ ನೋಡುವ ಒಬ್ಬ ಪಶುವೈದ್ಯರಿರಲಿ. ಅಲ್ಲಿ ನೀರಿನ ತೊಟ್ಟಿ ಇರಲಿ, ಸುಂಕದ ಕಟ್ಟೆಯಾಗಿ ಅದು ಬದಲಾಗದಿರಲಿ. ರೋಗವನ್ನು ತಾನಾಗಿ ತಿಳಿಸಿದ ವ್ಯಾಪಾರಿಗೆ ಸತ್ತ ಆಡಿನ ಹಣ ವಾರದೊಳಗೆ ಸಿಗಲಿ. ಪಶು ಆಸ್ಪತ್ರೆಗಳಲ್ಲಿ ಹುದ್ದೆ ಖಾಲಿ ಇದ್ದರೆ ಮಳೆಗೆ ಮೊದಲು ತುಂಬಲಿ.

ಮುಂದಿನ ಗ್ರಾಮಸಭೆಗೆ ಹೋಗುವ ನಮ್ಮ ಓದುಗರು ಒಂದು ಪ್ರಶ್ನೆಯನ್ನು ಬರೆದುಕೊಂಡು ಹೋಗಲಿ: ಕಳೆದ ವರ್ಷ ಈ ಪಂಚಾಯತಿಯಲ್ಲಿ ಎಷ್ಟು ಆಡುಗಳಿಗೆ ಕರುಳು ಬೇನೆಯ ಲಸಿಕೆ ಬಿತ್ತು, ಯಾವ ದಿನಾಂಕದಂದು? ಉತ್ತರವನ್ನು ನಡಾವಳಿಯ ಪುಸ್ತಕದಲ್ಲಿ ಬರೆಸಿ, ನಕಲು ನಮಗೂ ಕಳಿಸಲಿ. ಮೂರೂ ತಾಲೂಕುಗಳ ಅಂಕಿಗಳನ್ನು ಇದೇ ಪುಟದಲ್ಲಿ, ಪಂಚಾಯತಿಯ ಹೆಸರಿನೊಂದಿಗೆ, ಅಚ್ಚು ಹಾಕುತ್ತೇವೆ.